ಮಾತ್ರೆ ಎಂದರೆ ಅಳತೆ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರನ್ನು ಉತ್ಸವದ ವೇದಿಕೆಗೆ ಕರೆದರೆ ಅವರು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವರೆಂದು ಸಭಿಕರು ನಿರೀಕ್ಷಿಸುವುದು ಸಹಜ. ಈ ದಿನ ನಾವು ಆರಿಸಿಕೊಂಡಿರುವ ವಿಷಯವು ಕಾವ್ಯವಲ್ಲ. ಪ್ರತಿಯೊಂದು ಮನೆಯ ಗೂಡಿನಲ್ಲಿಯೂ ಇರುವ ನೋವಿನ ಮಾತ್ರೆ. ನಾವು ವೈದ್ಯರಲ್ಲ. ಆದರೂ ವೈದ್ಯಶಾಸ್ತ್ರವು ಈಗಾಗಲೇ ನಿಶ್ಚಯಿಸಿರುವ ಸಂಗತಿಗಳನ್ನು ಮನೆಮಾತಿನಲ್ಲಿ ತಿಳಿಯಹೇಳುವುದು ಉಪಾಧ್ಯಾಯರ ಕೆಲಸವೇ ಆಗಿದೆಯೆಂದು ನಂಬಿ ಇಲ್ಲಿ ನಿಂತಿದ್ದೇವೆ.

ಈ ಕೆಲಸ ನಮ್ಮ ಸೀಮೆಯಲ್ಲಿ ಹೆಚ್ಚು ಅವಶ್ಯಕ. ತೇನಿ, ಕಂಬಂ ಕಣಿವೆ, ದಿಂಡುಗಲ್ಲು ಈ ಪ್ರಾಂತಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಒಕ್ಕಲು ಮನೆತನಗಳು ತಲೆಮಾರುಗಳಿಂದ ನೆಲೆಸಿವೆ. ತಮಿಳರು ಕಾಪ್ಪಿಲಿಯರೆಂದು ಕರೆಯುವ ಈ ಜನರ ಕನ್ನಡವನ್ನು ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ವಿದ್ವಾಂಸನು 1909ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿಯೇ ಗುರುತಿಸಿದ್ದಾನೆ. ಇಂತಹ ಮನೆಯಲ್ಲಿ ಮಾತು ಕನ್ನಡ, ಬೀದಿಯಲ್ಲಿ ತಮಿಳು, ಔಷಧದ ಪಟ್ಟಿಯ ಮೇಲೆ ಇಂಗ್ಲಿಷು. ಮೂರು ಭಾಷೆಗಳ ನಡುವೆ ಅಳತೆಯ ಮಾತು ತಪ್ಪಿಹೋಗುವುದಕ್ಕೆ ಎಡೆ ಹೆಚ್ಚು. ತಪ್ಪಿಹೋದರೆ ನಷ್ಟವಾಗುವುದು ಭಾಷೆಗಲ್ಲ, ದೇಹಕ್ಕೆ.

ಮೊದಲು ಪದವನ್ನೇ ನೋಡೋಣ. ಗುಳಿಗೆಯನ್ನು ನಾವು ಮಾತ್ರೆ ಎನ್ನುತ್ತೇವೆ. ತಮಿಳರೂ ಮಾತ್ತಿರೈ ಎನ್ನುತ್ತಾರೆ. ಛಂದಸ್ಸಿನಲ್ಲಿಯೂ ಮಾತ್ರೆ ಉಂಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಅಲ್ಲಿ ಅದು ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಸಂಸ್ಕೃತದಲ್ಲಿ ಮಾತ್ರಾ ಎಂದರೆ ಪರಿಮಾಣವೆಂದೇ ಅರ್ಥ. ವೈದ್ಯನು ಕೊಟ್ಟ ಪರಿಮಾಣಕ್ಕೆ ಸಂದ ಹೆಸರೇ ಬರಬರುತ್ತ ಆ ಗುಳಿಗೆಗೂ ನಿಂತಿತು. ಆದುದರಿಂದ ನಮ್ಮ ಹಿರಿಯರು ಕೊಟ್ಟ ಹೆಸರಿನಲ್ಲಿಯೇ ಎರಡು ಎಚ್ಚರಿಕೆಗಳು ಅಡಗಿವೆ: ಇಷ್ಟು ಎಂಬುದು ಒಂದು, ಇಷ್ಟು ಹೊತ್ತಿಗೆ ಎಂಬುದು ಮತ್ತೊಂದು. ಇವೆರಡನ್ನೂ ದೇಹವು ಏಕೆ ಬೇಡುತ್ತದೆಂಬುದೇ ಈ ಹೊತ್ತಿನ ನಮ್ಮ ಮಾತಿನ ತಿರುಳು.

ನೋವಿನ ಔಷಧಗಳು ಹಲವು. ಅವುಗಳಲ್ಲಿ ಅತ್ಯಂತ ಪರಿಚಿತವಾದ ಪ್ಯಾರಸಿಟಮಾಲನ್ನು ಮಾತ್ರ ಇಲ್ಲಿ ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಇದನ್ನೇ ಅಸಿಟಮಿನೋಫೆನ್ ಎನ್ನುವರು. ಇದರ ಚರಿತ್ರೆ ವಿಚಿತ್ರವಾದುದು. 1886ರಲ್ಲಿ ಕಾನ್ ಮತ್ತು ಹೆಪ್ ಎಂಬ ಇಬ್ಬರು ವೈದ್ಯರು ಅಸಿಟನಿಲೈಡ್ ಎಂಬ ವಸ್ತು ಜ್ವರವನ್ನು ಇಳಿಸುವುದೆಂದು ಕಂಡುಕೊಂಡರು. ಜ್ವರವೇನೋ ಇಳಿಯುತ್ತಿತ್ತು, ಆದರೆ ಅದು ರಕ್ತವನ್ನು ಕೆಡಿಸಿ ರೋಗಿಯ ತುಟಿಗಳನ್ನು ನೀಲಿಗಟ್ಟಿಸುತ್ತಿತ್ತು. ಮರುವರ್ಷ ಫೆನಾಸಿಟಿನ್ ಬಂದಿತು. ಬಹುಕಾಲ ಬಳಸಿದವರ ಮೂತ್ರಪಿಂಡಗಳಿಗೆ ಅದೂ ಕೇಡನ್ನು ತಂದಿತು. 1948-49ರಲ್ಲಿ ಬರ್ನಾರ್ಡ್ ಬ್ರಾಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್ ಎಂಬ ವಿಜ್ಞಾನಿಗಳು, ನುಂಗಿದ ಅಸಿಟನಿಲೈಡ್ ದೇಹದೊಳಗೆ ಏನಾಗುವುದೆಂದು ಬೆನ್ನಟ್ಟಿ ಪರೀಕ್ಷಿಸಿದರು. ಅದು ದೇಹದಲ್ಲಿ ಮಾರ್ಪಟ್ಟು ಪ್ಯಾರಸಿಟಮಾಲ್ ಆಗುವುದೆಂದೂ, ನೋವನ್ನು ಕಳೆಯುವ ಗುಣವು ಅದರದೇ ಎಂದೂ, ರಕ್ತವನ್ನು ಕೆಡಿಸುವ ಗುಣವು ಬೇರೊಂದು ಕವಲಿನದೆಂದೂ ತಿಳಿದುಬಂದಿತು. ಫೆನಾಸಿಟಿನ್ನಿನ ವಿಷಯವೂ ಹೆಚ್ಚುಕಡಮೆ ಹಾಗೆಯೇ. ಹಾಗಾದರೆ ಪ್ಯಾರಸಿಟಮಾಲನ್ನೇ ನೇರವಾಗಿ ಏಕೆ ಕೊಡಬಾರದು? ಐವತ್ತರ ದಶಕದ ನಡುವಿನಿಂದ ಅದೇ ಅಂಗಡಿಗಳಿಗೆ ಬಂದಿತು. ದೇಹವು ಔಷಧವನ್ನು ಹೇಗೆ ಮಾರ್ಪಡಿಸಿ ಹೊರಹಾಕುವುದೆಂದು ನೋಡಹೊರಟವರಿಗೆ ಈ ಔಷಧವು ದೊರಕಿತೆಂಬುದು ಗಮನಿಸತಕ್ಕ ಸಂಗತಿ.

ಈಗ ಮಾತ್ರೆಯ ಹಿಂದೆಯೇ ಹೊರಡೋಣ. 500 ಮಿಲಿಗ್ರಾಂ ಮಾತ್ರೆಯೊಂದನ್ನು ಒಂದು ಲೋಟ ನೀರಿನೊಡನೆ ನುಂಗಿದೆವೆಂದು ಇಟ್ಟುಕೊಳ್ಳಿರಿ. ಜಠರದಲ್ಲಿ ಅದು ಕರಗುತ್ತದೆ. ಆದರೆ ಅಲ್ಲಿ ರಕ್ತಕ್ಕೆ ಸೇರುವುದು ತೀರ ಅಲ್ಪ. ಸಣ್ಣ ಕರುಳನ್ನು ತಲಪಿದ ಮೇಲೆಯೇ ಅದು ಕರುಳಿನ ಗೋಡೆಯನ್ನು ಹಾದು ವೇಗವಾಗಿ ಒಳಸೇರುವುದು. ಹೊಟ್ಟೆ ಬರಿದಾಗಿದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣ ಶಿಖರವನ್ನು ಮುಟ್ಟುತ್ತದೆ. ತುಂಬ ಊಟವಾಗಿದ್ದರೆ ಜಠರವು ತನ್ನ ಬಾಗಿಲನ್ನು ತಡವಾಗಿ ತೆರೆಯುವುದರಿಂದ ಈ ಹೊತ್ತು ಮುಂದಕ್ಕೆ ಹೋಗುತ್ತದೆ. “ನುಂಗಿ ಹತ್ತು ನಿಮಿಷವಾಯಿತು, ನೋವು ಹೋಗಲಿಲ್ಲ, ಇನ್ನೊಂದು ಕೊಡು” ಎನ್ನುವವರು ಈ ಮಾತನ್ನು ನೆನೆಯಬೇಕು. ಮೊದಲನೆಯದು ಇನ್ನೂ ಬಾಗಿಲಲ್ಲಿಯೇ ನಿಂತಿರುವಾಗ ಎರಡನೆಯದನ್ನು ಕಳುಹಿಸಿದಂತಾಗುವುದು; ಆಮೇಲೆ ಎರಡೂ ಒಟ್ಟಿಗೆ ಒಳನುಗ್ಗುವುವು.

ಕರುಳಿನಿಂದ ಹೊರಟ ರಕ್ತವು ನೇರವಾಗಿ ದೇಹಕ್ಕೆಲ್ಲ ಹರಿಯುವುದಿಲ್ಲ. ಅದು ಮೊದಲು ಯಕೃತ್ತಿಗೆ, ಜನರು ಲಿವರು ಎಂದು ಕರೆಯುವ ಅಂಗಕ್ಕೆ, ಹೋಗತಕ್ಕುದು. ಇದನ್ನು ತಿಳಿಯಲು ನಮ್ಮ ಕಣಿವೆಯ ನೀರಿನ ವ್ಯವಸ್ಥೆಯೇ ಸಾಕು. ಪಡುವಣಕ್ಕೆ ಹರಿಯುತ್ತಿದ್ದ ಪೆರಿಯಾರ್ ನದಿಗೆ ಕರ್ನಲ್ ಪೆನ್ನಿಕ್ವಿಕ್ ಕಟ್ಟಿಸಿದ ಅಣೆಕಟ್ಟು 1895ರಲ್ಲಿ ಮುಗಿಯಿತು. ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಆ ನೀರು ಮೂಡಣಕ್ಕೆ ತಿರುಗಿ ನಮ್ಮ ಕಣಿವೆಗೆ ಇಳಿಯಿತು. ಇಂದು ಆ ನೀರಿನ ಬಹುಪಾಲು ಗದ್ದೆಗೆ ಬರುವ ಮೊದಲು ಲೋವರ್ ಕ್ಯಾಂಪಿನ ವಿದ್ಯುದಾಗಾರದ ಯಂತ್ರಗಳನ್ನು ಹಾದು ಬರುತ್ತದೆ. ಗೂಡಲೂರಿಗಾಗಲಿ, ಕಂಬಂಗಾಗಲಿ, ಉತ್ತಮಪಾಳೆಯಕ್ಕಾಗಲಿ ಅದು ಆಮೇಲೆಯೇ. ನಮ್ಮ ಕರುಳು ಆ ಸುರಂಗದಂತೆ. ಯಕೃತ್ತು ಲೋವರ್ ಕ್ಯಾಂಪಿನಂತೆ. ಒಳಬಂದ ಔಷಧವು ಮೊದಲು ಅದರ ಕೈಯಿಂದ ಹಾದುಹೋಗಬೇಕು. ಈ ಮೊದಲ ಹಾಯ್ಕೆಯಲ್ಲಿಯೇ ಒಂದಷ್ಟು ಅಲ್ಲಿ ಮಾರ್ಪಟ್ಟು ಹೋಗಿ, ನೂರರಲ್ಲಿ ಸುಮಾರು 70ರಿಂದ 90 ಪಾಲು ಮಾತ್ರ ದೇಹದ ಉಳಿದ ಭಾಗಗಳಿಗೆ ತಲಪುತ್ತದೆ. ಅದು ಮುಖ್ಯವಾಗಿ ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಕೆಲಸಮಾಡಿ ನೋವಿನ ಅರಿವನ್ನು ತಗ್ಗಿಸುತ್ತದೆ, ಜ್ವರವನ್ನು ಇಳಿಸುತ್ತದೆ.

ಆದರೆ ರಕ್ತವು ಸುತ್ತುತ್ತಲೇ ಇರುತ್ತದೆ. ಸುತ್ತಿ ಸುತ್ತಿ ಮತ್ತೆ ಯಕೃತ್ತಿಗೇ ಬರುತ್ತದೆ. ಅಲ್ಲಿ ಔಷಧವನ್ನು ಹೊರಸಾಗಿಸಲು ಮೂರು ಕಾಲುವೆಗಳಿವೆ. ಮೊದಲನೆಯದು ದೊಡ್ಡ ಕಾಲುವೆ: ಸಕ್ಕರೆಯಿಂದ ಹುಟ್ಟಿದ ಗ್ಲುಕುರಾನಿಕ್ ಆಮ್ಲವನ್ನು ಔಷಧಕ್ಕೆ ಅಂಟಿಸಿ ಅದನ್ನು ನೀರಿನಲ್ಲಿ ಸುಲಭವಾಗಿ ಕರಗುವಂತೆ ಮಾಡುವುದು. ನೂರರಲ್ಲಿ ಸುಮಾರು 50ರಿಂದ 60 ಪಾಲು ಹೀಗೆ ಹೋಗುತ್ತದೆ. ಎರಡನೆಯದು ಗಂಧಕದ ಅಂಶವಾದ ಸಲ್ಫೇಟನ್ನು ಅಂಟಿಸುವ ಕಾಲುವೆ. ಇದರಲ್ಲಿ ಸುಮಾರು 25ರಿಂದ 35 ಪಾಲು. ಇವೆರಡರಲ್ಲಿ ಹೋದುದು ನಿರಪಾಯವಾದುದು. ಮೂತ್ರಪಿಂಡಗಳು ಅದನ್ನು ಸೋಸಿ ಮೂತ್ರದಲ್ಲಿ ಹೊರಗೆ ಕಳುಹಿಸುತ್ತವೆ. ಯಾವ ಮಾರ್ಪಾಡೂ ಇಲ್ಲದೆ ಇದ್ದಂತೆಯೇ ಮೂತ್ರದಲ್ಲಿ ಹೋಗುವುದು ನೂರಕ್ಕೆ 5ಕ್ಕಿಂತಲೂ ಕಡಮೆ.

ಮೂರನೆಯದು ಕಿರುಗಾಲುವೆ. ನೂರರಲ್ಲಿ 5ರಿಂದ 10 ಪಾಲು ಇದರಲ್ಲಿ ಹೋಗುವುದು. ಪಾಲು ಸಣ್ಣದು, ಅಪಾಯ ದೊಡ್ಡದು. ಏಕೆಂದರೆ ಈ ದಾರಿಯಲ್ಲಿ ಔಷಧವು ಒಂದು ಉಗ್ರವಾದ ವಿಷವಸ್ತುವಾಗಿ ಮಾರ್ಪಡುತ್ತದೆ. ಅದು ಸುಮ್ಮನಿದ್ದರೆ ಯಕೃತ್ತಿನ ಜೀವಕೋಶಗಳನ್ನೇ ಹಿಡಿದು ಕೊಲ್ಲುವುದು. ಆದರೆ ದೇಹವು ಗ್ಲುಟಾಥಯೋನ್ ಎಂಬ ರಕ್ಷಕ ದ್ರವ್ಯವನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ವಿಷದ ಪ್ರತಿಯೊಂದು ಕಣಕ್ಕೂ ಅದು ದಿಂಡುಗಲ್ಲಿನ ಬೀಗ ಜಡಿದಂತೆ ಅಂಟಿಕೊಂಡು ಕಟ್ಟಿಹಾಕಿ ಹೊರಗಟ್ಟುವುದು. ಬೀಗಗಳು ಸಾಕಷ್ಟು ಇರುವವರೆಗೆ ಭಯವಿಲ್ಲ. ಸರಿಯಾದ ಅಳತೆಯಲ್ಲಿ ಕೋಟ್ಯಂತರ ಜನರು ಈ ಔಷಧವನ್ನು ನಿರ್ಭಯವಾಗಿ ಬಳಸುತ್ತಿರುವುದು ಇದರಿಂದಲೇ.

ಇನ್ನು ಅಳತೆ ಮೀರಿದಾಗ ಆಗುವುದನ್ನು ಕೇಳಿರಿ. ಕಾಲುವೆಗೆ ಇಷ್ಟೇ ನೀರು ಎಂಬ ಮಿತಿಯುಂಟಷ್ಟೆ. ಹೆಚ್ಚು ಔಷಧ ಒಮ್ಮೆಲೇ ಬಂದರೆ ಮೊದಲಿನ ಎರಡು ಕಾಲುವೆಗಳು, ಅದರಲ್ಲಿಯೂ ಸಲ್ಫೇಟಿನದು, ತುಂಬಿಹೋಗುತ್ತವೆ. ಮಿಕ್ಕುದೆಲ್ಲ ಮೂರನೆಯ ಕಿರುಗಾಲುವೆಗೆ ನುಗ್ಗುತ್ತದೆ. ವಿಷವು ಹೆಚ್ಚುತ್ತದೆ, ಬೀಗಗಳು ಮುಗಿಯುತ್ತವೆ, ಏರಿ ಒಡೆಯುತ್ತದೆ. ಕೆಡುವುದು ಯಕೃತ್ತು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ನಾವು ಮಕ್ಕಳಿಗೆ ಅಲಂಕಾರದ ಮಾತಾಗಿ ಹೇಳಿಕೊಡುತ್ತೇವೆ. ಇಲ್ಲಿ ಅದು ಅಕ್ಷರಶಃ ನಡೆಯುವ ಕ್ರಿಯೆ.

ಈ ಹೊರಸಾಗಿಸುವ ಶಕ್ತಿಯೇ ಔಷಧಕ್ಕೂ ವಿಷಕ್ಕೂ ಇರುವ ಗಡಿ ಎಂಬುದಕ್ಕೆ ಎರಡು ಸಾಕ್ಷಿಗಳನ್ನು ಕೊಡಬಹುದು. ಬೆಕ್ಕಿನ ದೇಹದಲ್ಲಿ ಆ ಮೊದಲನೆಯ ದೊಡ್ಡ ಕಾಲುವೆ ಇಲ್ಲವೆನ್ನುವಷ್ಟು ಕಿರಿದು. ಆದುದರಿಂದ ನಮಗೆ ಹಿತವಾದ ಒಂದೇ ಮಾತ್ರೆ ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲದು. ಎರಡನೆಯದು ರಣಹದ್ದಿನ ಕಥೆ. ಡೈಕ್ಲೋಫಿನ್ಯಾಕ್ ಎಂಬ ಇನ್ನೊಂದು ನೋವಿನ ಔಷಧವನ್ನು ದನಗಳಿಗೆ ಕೊಡುತ್ತಿದ್ದರು. ಕೊಟ್ಟ ಕೆಲವು ದಿನಗಳೊಳಗೆ ಸತ್ತ ದನದ ಮಾಂಸವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದುವೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ದೇಶದ ಆಕಾಶವೇ ಬರಿದಾದ ಮೇಲೆ, 2006ರಲ್ಲಿ ಭಾರತ ಸರ್ಕಾರವು ದನಗಳಿಗೆ ಆ ಔಷಧವನ್ನು ಕೊಡುವುದನ್ನು ನಿಷೇಧಿಸಿತು. ಕಂಬಂನಲ್ಲಿ ದೇವರ ಆವುಗಳ ಹಿಂಡನ್ನು ಪೂಜಿಸಿ ಸಾಕುವ ನಮ್ಮ ಜನರು ಈ ಕಥೆಯನ್ನು ತಿಳಿದಿರುವುದು ಒಳ್ಳೆಯದು. ಔಷಧ ಅದೇ, ಹೊರಹಾಕಬಲ್ಲ ದೇಹಕ್ಕೆ ಔಷಧ, ಹೊರಹಾಕಲಾರದ ದೇಹಕ್ಕೆ ವಿಷ.

ಇಷ್ಟು ‘ಅಳತೆ’ಯ ಮಾತು. ಇನ್ನು ‘ಹೊತ್ತಿ’ನ ಮಾತು. ಆರೋಗ್ಯವಂತರಾದ ವಯಸ್ಕರ ರಕ್ತದಲ್ಲಿ ಈ ಔಷಧದ ಅರ್ಧಾಂಶ ಕಳೆಯಲು ಸುಮಾರು 2ರಿಂದ 3 ಗಂಟೆ ಬೇಕು. ಎರಡೂವರೆ ಗಂಟೆಯೆಂದು ಹಿಡಿಯೋಣ. ಎರಡೂವರೆ ಗಂಟೆಗೆ ಅರ್ಧ ಉಳಿಯಿತು. 5 ಗಂಟೆಗೆ ಕಾಲು. ಏಳೂವರೆ ಗಂಟೆಗೆ ಅರೆಕಾಲು. 10 ಗಂಟೆಗೆ ಹದಿನಾರರಲ್ಲಿ ಒಂದು ಪಾಲು. ಒಂದು ದಿನದೊಳಗೆ ಹೆಚ್ಚುಕಡಮೆ ಎಲ್ಲವೂ ಮೂತ್ರದಲ್ಲಿ ಹೊರಟುಹೋಗುತ್ತದೆ. ನಾಲ್ಕರಿಂದ ಆರು ಗಂಟೆಗಳ ಅಂತರವಿರಲಿ ಎಂದು ವೈದ್ಯರು ಹೇಳುವುದು ಈ ಲೆಕ್ಕದಿಂದ. ಮೊದಲಿನದರ ಬಹುಭಾಗ ಹೊರಟ ಮೇಲೆ, ಬೀಗಗಳ ದಾಸ್ತಾನು ಮತ್ತೆ ತುಂಬಿದ ಮೇಲೆ, ಎರಡನೆಯದು ಬರಲಿ ಎಂಬುದೇ ಅದರ ಆಶಯ. ಅಂತರವು ಔಷಧದ ಒಂದು ಅಂಗ. ಪದ್ಯದಲ್ಲಿ ಮಾತ್ರೆ ತಪ್ಪಿದರೆ ಛಂದೋಭಂಗ. ಇಲ್ಲಿ ತಪ್ಪಿದರೆ ಅಂಗಭಂಗ.

ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ, ಅಂದರೆ 4,000 ಮಿಲಿಗ್ರಾಂ, ಮೇಲ್ಮಿತಿ. ಅದು ತಲಪಲೇಬೇಕಾದ ಗುರಿಯಲ್ಲ, ದಾಟಬಾರದ ಗೆರೆ. ನಿತ್ಯ ಮದ್ಯಪಾನ ಮಾಡುವವರು, ಉಪವಾಸವಿರುವವರು, ಬಡಕಲು ದೇಹದವರು, ಯಕೃತ್ತಿನ ರೋಗವಿರುವವರು ಇವರಿಗೆ ಗೆರೆಯು ಇನ್ನೂ ಕೆಳಗೆ. ಅವರ ಅಳತೆಯನ್ನು ವೈದ್ಯರೇ 2 ಅಥವಾ 3 ಗ್ರಾಮಿಗೆ ಇಳಿಸುವುದುಂಟು. ಕಾರಣ ಈಗ ನಿಮಗೇ ಹೊಳೆದಿರಬಹುದು. ಬಹುಕಾಲದ ಮದ್ಯಪಾನವು ಆ ಮೂರನೆಯ ವಿಷಗಾಲುವೆಯನ್ನು ಅಗಲಗೊಳಿಸುತ್ತದೆ. ಹಸಿವು ಬೀಗಗಳ ದಾಸ್ತಾನನ್ನು ಬರಿದುಮಾಡುತ್ತದೆ. ಬೆಳಕು ಹರಿಯುವ ಮುನ್ನ ಜೀಪು ಹತ್ತಿ ಬೋಡಿಯಿಂದಲೂ ಕಂಬಂನಿಂದಲೂ ಬೆಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವ ತಾಯಂದಿರನ್ನು ನಾವು ನೋಡುತ್ತೇವೆ. ದ್ರಾಕ್ಷಿಯ ಚಪ್ಪರದ ಕೆಳಗೆ ದಿನವೆಲ್ಲ ಕತ್ತೆತ್ತಿ ದುಡಿಯುವವರನ್ನೂ ನೋಡುತ್ತೇವೆ. ಬೆನ್ನುನೋವಿಗೆ ಬೆಳಗ್ಗೆ ಒಂದು ಮಾತ್ರೆ, ಸಂಜೆ ಮೈಕೈ ನೋವಿಗೆ ಎರಡು, ನಡುವೆ ಊಟ ಅರ್ಧ — ಹೀಗೆ ನಡೆಸುವ ಮನೆಗಳು ನಮ್ಮಲ್ಲಿ ಕಡಮೆಯಲ್ಲ. ಗಂಡಸರಲ್ಲಿ ರಾತ್ರಿ ಕುಡಿದು ಬೆಳಗಿನ ತಲೆನೋವಿಗೆ ಮಾತ್ರೆಗಳನ್ನು ನುಂಗುವವರಿದ್ದಾರೆ. ದೂಷಿಸುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ದುಡಿಮೆಯ ನೋವು ನಿಜ. ಆ ನೋವಿಗೆ ಮದ್ದು ಬೇಕು. ಆದರೆ ಹೊಟ್ಟೆಗೆ ಅನ್ನವಿಲ್ಲದೆ ದಿನದಿನವೂ ನುಂಗುವ ಮಾತ್ರೆಯು ಸಾಲದ ಹಾಗೆ, ಅಸಲನ್ನು ತೀರಿಸದೆ ಬಡ್ಡಿಯನ್ನು ಬೆಳಸುತ್ತದೆ. ಮೂರು ದಿನಗಳಾದರೂ ನೋವಾಗಲಿ ಜ್ವರವಾಗಲಿ ಬಿಡದಿದ್ದರೆ ವೈದ್ಯರನ್ನು ಕಾಣತಕ್ಕದ್ದು.

ಇನ್ನೊಂದು ಅಪಾಯವು ಹೆಸರುಗಳಿಂದ ಬರುತ್ತದೆ. ಕ್ರೋಸಿನ್, ಕ್ಯಾಲ್‌ಪಾಲ್, ಡೋಲೋ ಇವು ಬೇರೆ ಬೇರೆ ಹೆಸರುಗಳು. ಒಳಗಿರುವ ನೋವಿನ ಮದ್ದು ಪ್ಯಾರಸಿಟಮಾಲೇ. ಕಾಂಬಿಫ್ಲಾಮ್ ಮಾತ್ರೆಯಲ್ಲಿ ಐಬುಪ್ರೊಫೆನ್ನಿನ ಜೊತೆಗೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಉಂಟು. ನೆಗಡಿಯ ಮಾತ್ರೆಗಳಲ್ಲಿ ಅನೇಕವುಗಳೊಳಗೆ 500 ಮಿಲಿಗ್ರಾಂ ಇರುತ್ತದೆ. ಒಬ್ಬರು ಜ್ವರಕ್ಕೆಂದು 650ರ ಮಾತ್ರೆಯನ್ನು ಮೂರು ಸಲ, ಮೈಕೈ ನೋವಿಗೆಂದು ಕಾಂಬಿಫ್ಲಾಮನ್ನು ಮೂರು ಸಲ, ನೆಗಡಿಗೆಂದು ಮತ್ತೊಂದನ್ನು ಮೂರು ಸಲ ನುಂಗಿದರೆನ್ನಿ. 1,950, 975, 1,500 — ಕೂಡಿದರೆ 4,425. ಮೂರು ರೋಗಕ್ಕೆ ಮೂರು ಮದ್ದು ತೆಗೆದುಕೊಂಡೆನೆಂದು ಅವರು ತಿಳಿದಿದ್ದಾರೆ. ಯಕೃತ್ತಿನ ಲೆಕ್ಕದಲ್ಲಿ ಒಂದೇ ಮದ್ದು, ಗೆರೆಯನ್ನು ದಾಟಿದೆ. ಆದುದರಿಂದ ಪಟ್ಟಿಯ ಮೇಲಿನ ದೊಡ್ಡ ವ್ಯಾಪಾರನಾಮವನ್ನಷ್ಟೇ ನೋಡದೆ, ಒಳಗಿನ ದ್ರವ್ಯದ ಹೆಸರನ್ನೂ ಅದರ ಪಕ್ಕದ ಅಂಕಿಯನ್ನೂ ಓದಬೇಕು. ಹಿರಿಯರಿಗೆ ಇಂಗ್ಲಿಷು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಲಿ. ವಿದ್ಯೆಯು ಮನೆಗೆ ಸಲ್ಲಿಸುವ ಮೊದಲ ಸೇವೆ ಇದಾಗಲಿ.

ಮಕ್ಕಳ ವಿಷಯದಲ್ಲಿ ಅಳತೆಯು ಇನ್ನೂ ಸೂಕ್ಷ್ಮ. ಎಳೆಯ ಮಕ್ಕಳಲ್ಲಿ ಮೊದಲನೆಯ ದೊಡ್ಡ ಕಾಲುವೆ ಇನ್ನೂ ಬಲಿತಿರುವುದಿಲ್ಲ. ಸಲ್ಫೇಟಿನ ಕಾಲುವೆಯೇ ಹೆಚ್ಚಿನ ಭಾರವನ್ನು ಹೊರುತ್ತದೆ. ಮಗುವಿಗೆ ಕೊಡುವುದು ವಯಸ್ಸಿನ ಅಂದಾಜಿನಿಂದಲ್ಲ, ತೂಕದ ಲೆಕ್ಕದಿಂದ: ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. 10 ಕಿಲೋ ತೂಗುವ ಮಗುವಿಗೆ ಹೆಚ್ಚೆಂದರೆ 150. ಅಂಗಡಿಯಲ್ಲಿ ದೊರೆಯುವ ದ್ರವಗಳಾದರೋ ಒಂದೇ ಹದದವಲ್ಲ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದುಂಟು, 250 ಇರುವುದುಂಟು. ಹಸುಳೆಗಳ ಹನಿಮದ್ದಿನಲ್ಲಿ ಒಂದೇ ಮಿಲಿಲೀಟರಿಗೆ 100 ಇರುವುದುಂಟು. ಅದೇ ಮಗುವಿಗೆ ಮೊದಲನೆಯದರಲ್ಲಿ 6 ಮಿಲಿಲೀಟರ್, ಎರಡನೆಯದರಲ್ಲಿ 3, ಹನಿಮದ್ದಿನಲ್ಲಿ ಒಂದೂವರೆ ಮಾತ್ರ. ಹನಿಮದ್ದನ್ನು ಚಮಚೆಯ ಅಳತೆಯಲ್ಲಿ ಕೊಟ್ಟರೆ ಮಗುವಿಗೆ ಮೂರು ಮಡಿಗಿಂತ ಹೆಚ್ಚು ಹೋಗುವುದು. ಆದುದರಿಂದ ಸೀಸೆಯೊಡನೆ ಬಂದ ಅಳತೆಯ ಬಟ್ಟಲಿನಲ್ಲಿಯೇ ಕೊಡಿ. ಅಡಿಗೆಮನೆಯ ಚಮಚೆಯಾಗಲಿ ಅಜ್ಜಿಯ ಒಳಲೆಯಾಗಲಿ ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಮದ್ದು ಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಇಷ್ಟೆಲ್ಲ ಕೇಳಿ ಈ ಔಷಧವನ್ನು ಬಿಟ್ಟು ಬೇರೊಂದಕ್ಕೆ ಹೋಗೋಣವೆಂದು ಯಾರೂ ಭಾವಿಸಬಾರದು. ಡೆಂಗ್ಯೂ ಜ್ವರದಲ್ಲಿ ವೈದ್ಯರು ಆರಿಸುವುದು ಇದನ್ನೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್‌ಗಳು ರಕ್ತಸ್ರಾವಕ್ಕೆ ದಾರಿಮಾಡುವುದರಿಂದ ಆಗ ಕೂಡದು. ಬಿಸಿಲಿನಲ್ಲಿ ಬೆವರಿ ನೀರು ಕುಡಿಯದೆ ದುಡಿಯುವವರ ಮೂತ್ರಪಿಂಡಗಳಿಗೆ ಆ ಜಾತಿಯ ಮಾತ್ರೆಗಳು ಇನ್ನೂ ಅಪಾಯಕರ. ಪ್ಯಾರಸಿಟಮಾಲು ಒಳ್ಳೆಯ ಸೇವಕ. ಸೇವಕನಿಗೆ ಹೊರಲಾರದ ಹೊರೆಯನ್ನು ಹೊರಿಸಬಾರದೆಂಬುದಷ್ಟೇ ನಮ್ಮ ಬಿನ್ನಹ.

ಒಂದು ವೇಳೆ ಯಾರಾದರೂ, ಮಗುವಾಗಲಿ ದೊಡ್ಡವರಾಗಲಿ, ಅಳತೆ ಮೀರಿ ನುಂಗಿದರೆಂದು ತಿಳಿದರೆ ಏನು ಮಾಡಬೇಕು? ಇಲ್ಲಿ ಮುಖ್ಯವಾದ ಮಾತೊಂದಿದೆ. ಮೊದಲ ದಿನ ಅವರು ಚೆನ್ನಾಗಿಯೇ ಕಾಣಬಹುದು. ಸ್ವಲ್ಪ ವಾಕರಿಕೆ ಇರಬಹುದು, ಅದೂ ಇಲ್ಲದಿರಬಹುದು. ಯಕೃತ್ತು ಕೆಟ್ಟ ಗುರುತುಗಳು ಎರಡನೆಯ ಮೂರನೆಯ ದಿನ ಕಾಣಿಸಿಕೊಳ್ಳುತ್ತವೆ. “ಏನೂ ಆಗಲಿಲ್ಲವಲ್ಲ” ಎಂದು ಕಾಯುವುದೇ ಮರಣಕ್ಕೆ ದಾರಿ. ಇದಕ್ಕೆ ಪ್ರತಿಮದ್ದು ಉಂಟು. ಅಸಿಟೈಲ್ ಸಿಸ್ಟೀನ್ ಎಂದು ಅದರ ಹೆಸರು. ಅದು ಮುಗಿದುಹೋದ ಬೀಗಗಳನ್ನು ದೇಹವು ಮತ್ತೆ ಮಾಡಿಕೊಳ್ಳುವಂತೆ ಮಾಡುತ್ತದೆ. 8 ಗಂಟೆಗಳೊಳಗೆ ಕೊಟ್ಟರೆ ಯಕೃತ್ತನ್ನು ಬಹುಮಟ್ಟಿಗೆ ಪೂರ್ಣವಾಗಿ ಉಳಿಸಬಹುದು, ತಡವಾದರೂ ಪ್ರಯೋಜನವುಂಟು. ಆದುದರಿಂದ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ಯಬೇಕು. ಎಷ್ಟು ಹೊತ್ತಿಗೆ, ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಗಂಟೆಗಳು ಮರಳಿ ಬಾರವು. ಇಂಗ್ಲೆಂಡಿನಲ್ಲಿ 1998ರಲ್ಲಿ ಒಂದು ಸಲಕ್ಕೆ ಮಾರುವ ಮಾತ್ರೆಗಳ ಸಂಖ್ಯೆಗೆ ಮಿತಿ ಹಾಕಿದರು. ಆಮೇಲೆ ಈ ಔಷಧದ ಅತಿಸೇವನೆಯ ಸಾವುಗಳು ಇಳಿದುವು. ಮನೆಯಲ್ಲಿ ರಾಶಿಯಾಗಿ ತಂದಿಡದೆ ಬೇಕಾದಷ್ಟನ್ನೇ ತಂದು, ಮಕ್ಕಳ ಕೈಗೆ ಎಟುಕದಂತೆ ಇಡುವುದು ನಾವೂ ಮಾಡಬಹುದಾದ ಕೆಲಸ.

ಮಹನೀಯರೆ, ಭಾಷೆಯನ್ನು ಉಳಿಸುವುದೆಂದರೆ ವರ್ಷಕ್ಕೊಮ್ಮೆ ಕೂಡಿ ಹಾಡುವುದು ಮಾತ್ರವಲ್ಲ. ಬದುಕಿಗೆ ಬೇಕಾದ ಅರಿವನ್ನು ಆ ಭಾಷೆಯಲ್ಲಿ ಹೇಳುವುದೂ ಕೇಳುವುದೂ ಆಗಿದೆ. ಅಡಿಗೆಮನೆಯಲ್ಲಿ ತಾಯಿ ಮಗಳಿಗೆ, “ಇದು ಯಾವ ಮದ್ದು, ಎಷ್ಟು, ಹಿಂದಿನದು ಎಷ್ಟು ಹೊತ್ತಿಗೆ?” ಎಂದು ಕನ್ನಡದಲ್ಲಿ ಕೇಳುವಂತಾದರೆ, ಆ ಮೂರು ಪ್ರಶ್ನೆಗಳಿಂದಲೇ ಒಂದು ಮನೆ ಉಳಿದೀತು. ಆ ಪ್ರಶ್ನೆಗಳನ್ನು ನೆನಪಿನಲ್ಲಿಟ್ಟುಕೊಳ್ಳಿರೆಂದು ಪ್ರಾರ್ಥಿಸುತ್ತೇವೆ.